ಆರು ಸೀರಿಯಲ್ ಕನ್ವರ್ಟರ್‌ಗಳಲ್ಲಿ ಐದರ ಫರ್ಮ್‌ವೇರ್ ಬದಲಿಸಿದ ಅನುಭವ

ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಸೀರಿಯಲ್ ತಂತಿಯನ್ನು ಈಥರ್ನೆಟ್ ಜಾಲಕ್ಕೆ ಜೋಡಿಸುವ ಆರು ಕನ್ವರ್ಟರ್‌ಗಳ ಉಸ್ತುವಾರಿ ನನ್ನದು. ಒಂದೊಂದರ ಆರ್‌ಎಸ್-485 ತಂತಿಗೆ ಹತ್ತರಿಂದ ಹದಿನಾಲ್ಕು ಎನರ್ಜಿ ಮೀಟರ್‌ಗಳಿದ್ದು, ಅವುಗಳ ರೀಡಿಂಗ್ ಮಾಡ್‌ಬಸ್ ಆರ್‌ಟಿಯು ಎಂಬ ಸಂದೇಶ ಪದ್ಧತಿಯಲ್ಲಿ ಕಂಟ್ರೋಲ್ ರೂಮಿಗೆ ಬರುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುವ ಇಂಥ ಉಪಕರಣಗಳ ಒಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಮುಟ್ಟಲೇಬಾರದು ಎನ್ನುವವರು ನಮ್ಮಲ್ಲಿ ಹೆಚ್ಚು. ಆದರೆ ಲಾಗಿನ್ ಪುಟದ ಭದ್ರತಾ ದೋಷವನ್ನು ಸರಿಪಡಿಸಿದ ಆವೃತ್ತಿ ಬಂದಿರುವಾಗ ಸುಮ್ಮನಿರುವುದು ನನಗೆ ಸರಿಕಾಣಲಿಲ್ಲ.

ಮೊದಲನೆಯದನ್ನು ಒಂದು ಭಾನುವಾರ ಬದಲಿಸಿದೆ. ಹೊಸ ಆವೃತ್ತಿಯ ಸಂಖ್ಯೆ ಕಾಣಿಸಿತು, ಪಿಂಗ್‌ಗೆ ಉತ್ತರ ಬಂತು, ವೆಬ್ ಪುಟವೂ ತೆರೆಯಿತು. ಆದರೆ ಒಂದು ಮೀಟರೂ ಮಾತನಾಡಲಿಲ್ಲ. ಸಂದೇಶ ಹೋಗುವುದನ್ನು ತೋರಿಸುವ ಟಿಎಕ್ಸ್ ದೀಪ ಮಿನುಗುತ್ತಿತ್ತು, ಬರುವುದನ್ನು ತೋರಿಸುವ ಆರ್‌ಎಕ್ಸ್ ದೀಪ ಒಮ್ಮೆಯೂ ಹೊತ್ತಲಿಲ್ಲ. ಎರಡು ಗಂಟೆ ತಂತಿಗಳನ್ನು ಬಿಚ್ಚಿ, ಮತ್ತೆ ಬಿಗಿದು ನೋಡಿದ ಮೇಲೆ, ಅಪ್‌ಡೇಟ್ ಆಗುವಾಗ ಸೀರಿಯಲ್ ಸೆಟ್ಟಿಂಗ್‌ಗಳೆಲ್ಲ ತಯಾರಕರ ಮೂಲ ಸ್ಥಿತಿಗೆ ಮರಳಿದ್ದವು ಎಂಬುದು ತಿಳಿಯಿತು. ಪ್ಯಾರಿಟಿ ಎಂದರೆ ತಪ್ಪು ಹಿಡಿಯಲು ಪ್ರತಿ ಅಕ್ಷರಕ್ಕೆ ಸೇರಿಸುವ ಒಂದು ಬಿಟ್. ಮಾಡ್‌ಬಸ್ ನಿಯಮಾವಳಿಯಲ್ಲಿ ಈವನ್ ಪ್ಯಾರಿಟಿಯೇ ಡೀಫಾಲ್ಟ್. ನಮ್ಮ ಮೀಟರ್‌ಗಳೂ ಅದರಂತೆಯೇ ಇದ್ದವು. ಕನ್ವರ್ಟರ್ ಮಾತ್ರ ಪ್ಯಾರಿಟಿ ಇಲ್ಲದ ಸ್ಥಿತಿಗೆ ಹೋಗಿತ್ತು.

ಅಂದಿನಿಂದ ಕೆಲಸ ಆರಂಭಿಸುವ ಮೊದಲು ಬಾಡ್ ರೇಟ್ (ತಂತಿಯ ವೇಗ), ಪ್ಯಾರಿಟಿ, ಅಕ್ಷರದ ಕೊನೆಯನ್ನು ಸೂಚಿಸುವ ಸ್ಟಾಪ್ ಬಿಟ್, ಉತ್ತರಕ್ಕೆ ಕಾಯುವ ಅವಧಿ, ಸಂದೇಶ ಮುಗಿಯಿತೆಂದು ತೀರ್ಮಾನಿಸುವ ಮೌನದ ಅವಧಿ, ಇವಿಷ್ಟನ್ನೂ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡುತ್ತೇನೆ. ಬ್ಯಾಕಪ್ ಫೈಲ್ ತೆಗೆದಿಟ್ಟರೂ ಹೊಸ ಆವೃತ್ತಿ ಅದನ್ನು ಒಪ್ಪಿಕೊಳ್ಳುತ್ತದೆಂಬ ಖಾತರಿ ಇಲ್ಲ. ಪಟ್ಟಿಯ ಕೊನೆಯ ಅಂಶವಾದ ಮೌನದ ಅವಧಿ ಅನೇಕರ ಕಣ್ಣಿಗೆ ಬೀಳುವುದಿಲ್ಲ. ಆರ್‌ಟಿಯುನಲ್ಲಿ ಎರಡು ಸಂದೇಶಗಳ ನಡುವೆ ಕನಿಷ್ಠ 3.5 ಅಕ್ಷರಗಳಷ್ಟು ಮೌನವಿರಬೇಕು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಅಕ್ಷರಕ್ಕೆ 11 ಬಿಟ್‌ಗಳಂತೆ, ಇದು ಸುಮಾರು 4 ಮಿಲಿಸೆಕೆಂಡ್. ಕನ್ವರ್ಟರ್‌ನ ಈ ಮೌಲ್ಯ ಅದಕ್ಕಿಂತ ತೀರಾ ಕಡಿಮೆಯಾದರೆ ಒಂದೇ ಉತ್ತರ ಎರಡು ತುಂಡಾಗಿ ಕಂಪ್ಯೂಟರಿಗೆ ತಲುಪಬಹುದು. ಆಗ ಸಿಆರ್‌ಸಿ (ಸಂದೇಶ ಸರಿಯಾಗಿದೆಯೇ ಎಂದು ನೋಡುವ ಸಂಖ್ಯೆ) ದೋಷಗಳು ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಂಡು, ತಪ್ಪು ಕೇಬಲ್ಲಿನದೆಂಬ ಭ್ರಮೆ ಹುಟ್ಟಿಸುತ್ತವೆ.

ಮೂರನೆಯ ಕನ್ವರ್ಟರ್‌ನಲ್ಲಿ ಫ್ಲ್ಯಾಶ್ ಮೆಮೊರಿಗೆ ಫರ್ಮ್‌ವೇರ್ ಬರೆಯುತ್ತಿರುವಾಗಲೇ ಪ್ಯಾನೆಲ್‌ನ 24 ವೋಲ್ಟ್ ಸಪ್ಲೈ ನಿಂತುಹೋಯಿತು. ಆ ಕನ್ವರ್ಟರ್ ಮತ್ತೆ ಏಳಲಿಲ್ಲ. ಪೆಟ್ಟಿಗೆ ತೆರೆದಾಗ ಬೋರ್ಡಿನ ಮೇಲೆ ಕನ್ಸೋಲ್‌ನ ಮೂರು ಪಿನ್‌ಗಳು ಸಿಕ್ಕವು. ಇವು 3.3 ವೋಲ್ಟ್‌ನವು, ಹೆಚ್ಚು ವೋಲ್ಟೇಜಿನ ಆರ್‌ಎಸ್-232 ಕೇಬಲ್ಲನ್ನು ನೇರವಾಗಿ ಜೋಡಿಸಿದರೆ ಚಿಪ್ ಸುಡುವ ಸಾಧ್ಯತೆ ಇರುವುದರಿಂದ ಮೊದಲು ಮಲ್ಟಿಮೀಟರಿನಲ್ಲಿ ಅಳೆದೇ ಮುಂದುವರಿದೆ. 1,15,200 ವೇಗದಲ್ಲಿ ಟರ್ಮಿನಲ್ ತೆರೆದು ಕರೆಂಟ್ ಕೊಟ್ಟಾಗ ಪರದೆಯ ಮೇಲೆ ‘ಸಿ’ ಎಂಬ ಇಂಗ್ಲಿಷ್ ಅಕ್ಷರ ಒಂದರ ಹಿಂದೆ ಒಂದು ಮೂಡತೊಡಗಿತು. ಉಪಕರಣವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಆದ ಬೂಟ್‌ಲೋಡರ್ ಬದುಕಿದೆ, ಸಿಆರ್‌ಸಿ ಸಹಿತ ಎಕ್ಸ್‌ಮೋಡೆಮ್ ಎಂಬ ಫೈಲ್ ರವಾನೆ ಪದ್ಧತಿಯಲ್ಲಿ ಫೈಲ್ ಕೇಳುತ್ತಿದೆ ಎಂದು ಅದರ ಅರ್ಥ. ಅಂದು ನನಗಾದ ನೆಮ್ಮದಿ ಇನ್ನೂ ನೆನಪಿದೆ.

256 ಕಿಲೋಬೈಟ್‌ನ ಫೈಲ್ 128 ಬೈಟ್‌ಗಳ 2048 ತುಂಡುಗಳಾಗಿ ಹೋಗುತ್ತದೆ, ಪ್ರತಿ ತುಂಡಿಗೂ ಒಪ್ಪಿಗೆಯ ಬೈಟ್ ಮರಳಬೇಕು. ತಂತಿಯ ಮೇಲಿನ ಸಮಯ ಸುಮಾರು 24 ಸೆಕೆಂಡ್ ಮಾತ್ರ. ಆದರೆ ಎಫ್‌ಟಿಡಿಐ ಚಿಪ್ಪಿನ ಯುಎಸ್‌ಬಿ ಕೇಬಲ್‌ಗಳಲ್ಲಿ ಬಂದ ಬೈಟನ್ನು ಕಂಪ್ಯೂಟರಿಗೆ ದಾಟಿಸುವ ಮೊದಲು ಕಾಯುವ ಲೇಟೆನ್ಸಿ ಟೈಮರ್ ಸಾಮಾನ್ಯವಾಗಿ 16 ಮಿಲಿಸೆಕೆಂಡಿಗೆ ನಿಗದಿಯಾಗಿರುತ್ತದೆ. ಪ್ರತಿ ಒಪ್ಪಿಗೆಯೂ ಅಷ್ಟು ಕಾದರೆ ಇನ್ನೂ 33 ಸೆಕೆಂಡ್ ಸೇರುತ್ತದೆ. ಆ ಟೈಮರನ್ನು 1 ಮಿಲಿಸೆಕೆಂಡಿಗೆ ಇಳಿಸಿ ಫೈಲ್ ಕಳಿಸಿದೆ. ನಾಲ್ಕನೆಯದನ್ನೂ ಐದನೆಯದನ್ನೂ ಪ್ಯಾನೆಲ್‌ನಿಂದ ಬಿಚ್ಚಿ ತಂದು, ಯುಪಿಎಸ್ ಇರುವ ಮೇಜಿನ ಮೇಲೆ, ಫೈಲ್ ಕೆಟ್ಟಿಲ್ಲವೆಂದು ತಿಳಿಸುವ ಚೆಕ್‌ಸಮ್ ಹೋಲಿಸಿ ನೋಡಿದ ಮೇಲಷ್ಟೇ ಬದಲಿಸಿದೆ.

ಒಂದರ ನಂತರ ಇನ್ನೊಂದಕ್ಕೆ ಒಂದು ವಾರದ ಅಂತರ ಬಿಟ್ಟೆ, ಆ ವಾರವಿಡೀ ಹಳೆಯ ದೋಷಗಳ ಎಣಿಕೆಯನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದೆ. ಆರನೆಯದು ಇನ್ನೂ ಹಳೆಯ ಆವೃತ್ತಿಯಲ್ಲೇ ಇದೆ. ಅದರ ತಂತಿಯಲ್ಲಿರುವ ಹಳೆಯ ಮೀಟರ್‌ಗಳು ನಿಧಾನವಾಗಿ ಉತ್ತರಿಸುತ್ತವೆ, ಹೊಸ ಆವೃತ್ತಿ ಅವುಗಳಿಗಾಗಿ ಸಾಕಷ್ಟು ಹೊತ್ತು ಕಾಯುವುದೇ ಎಂದು ಮೇಜಿನ ಮೇಲೆ ಪರೀಕ್ಷಿಸುವವರೆಗೆ ಅದರ ಲಾಗಿನ್ ಪುಟವನ್ನು ಜಾಲದಿಂದ ಮುಚ್ಚಿಟ್ಟಿದ್ದೇನೆ.