ಮೊಡವೆಗೆ ರೆಟಿನಾಯ್ಡ್: ಮೊದಲ ಆರು ವಾರ ದಾಟುವುದು ಹೇಗೆ?

ಮೊಡವೆಗೆಂದು ರೆಟಿನಾಯ್ಡ್ (ವಿಟಮಿನ್ ಎ ಬಗೆಯ ಔಷಧ) ಜೆಲ್ ತಂದವರಲ್ಲಿ ಬಹಳ ಜನ ಮೂರನೇ ವಾರಕ್ಕೇ ಟ್ಯೂಬನ್ನು ಮೂಲೆಗೆ ತಳ್ಳುತ್ತಾರೆ. ಮುಖ ಕೆಂಪಾಯಿತು, ಸಿಪ್ಪೆ ಎದ್ದಿತು, ಮೊಡವೆ ಇನ್ನೂ ಜಾಸ್ತಿಯಾಯಿತು ಎಂಬುದು ಅವರ ದೂರು. ದೂರು ನಿಜವೇ. ಆದರೆ ಎಷ್ಟು ಹಚ್ಚಿದರು, ಯಾವಾಗ ಹಚ್ಚಿದರು, ಎಲ್ಲಿಗೆ ಹಚ್ಚಿದರು ಎಂದು ಕೇಳುತ್ತಾ ಹೋದರೆ ಎಡವಟ್ಟು ಎಲ್ಲಾಯಿತೆಂದು ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ.

ಔಷಧ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಚರ್ಮದ ಸೂಕ್ಷ್ಮ ರಂಧ್ರದೊಳಗೆ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿಕೊಂಡು, ಎಣ್ಣೆಯ ಜೊತೆ ಸೇರಿ ಬಿರಡೆಯ ಹಾಗೆ ಕೂರುತ್ತವೆ. ಕಣ್ಣಿಗೆ ಕಾಣದ ಈ ಬಿರಡೆಯೇ ವಾರಗಳ ನಂತರ ಮೊಡವೆಯಾಗಿ ಏಳುವುದು. ರೆಟಿನಾಯ್ಡ್ ಆ ಬಿರಡೆ ಕಟ್ಟದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಎದ್ದ ಮೊಡವೆಯ ತಲೆಗೆ ಮಾತ್ರ ಚುಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಮೊಡವೆ ಏಳುವ ಇಡೀ ಜಾಗಕ್ಕೆ ಹಚ್ಚಬೇಕು.

ಹಂತ 1: ಸರಿಯಾದ ಟ್ಯೂಬ್

ಮೊದಲ ಸಲಕ್ಕೆ ಅಡಾಪಲೀನ್ ಎಂಬ ರೆಟಿನಾಯ್ಡಿನ 0.1% ಜೆಲ್ ತೆಗೆದುಕೊಳ್ಳಿ. ಉರಿ ಕಡಿಮೆ, ಬೆಳಕಿಗೆ ಕೆಡುವುದಿಲ್ಲ. ಚರ್ಮ ಒಣಗಿದ್ದರೆ ಇದೇ ಪ್ರಮಾಣದ ಕ್ರೀಮ್ ವಾಸಿ. ವೈದ್ಯರು ಟ್ರೆಟಿನಾಯಿನ್ ಎಂಬ ಇನ್ನೊಂದು ರೆಟಿನಾಯ್ಡ್ ಬರೆದುಕೊಟ್ಟಿದ್ದರೆ 0.025%ರಿಂದ ಶುರುವಾಗಲಿ, ನೇರವಾಗಿ 0.1%ಕ್ಕೆ ಹಾರಬೇಡಿ. ಟಜಾರೊಟೀನ್ ಹೆಚ್ಚು ಉರಿಸುತ್ತದೆ, ಅದನ್ನು ತಜ್ಞರ ಕಣ್ಗಾವಲಿಗೆ ಬಿಡಿ. ಸೌಂದರ್ಯವರ್ಧಕಗಳಲ್ಲಿನ ರೆಟಿನಾಲ್ ಇವುಗಳಿಗಿಂತ ಬಹಳ ದುರ್ಬಲ, ಮೊಡವೆಗೆ ಅದನ್ನು ನೆಚ್ಚಬೇಡಿ. ಗರ್ಭಿಣಿಯರು ಮತ್ತು ಗರ್ಭ ಧರಿಸುವ ಯೋಚನೆಯಲ್ಲಿರುವವರು ಇವು ಯಾವುದನ್ನೂ ಹಚ್ಚಬಾರದು.

ಇಲ್ಲೇ ಇನ್ನೊಂದು ಎಚ್ಚರಿಕೆ. ಟ್ರೆಟಿನಾಯಿನ್ ಜೊತೆ ಹೈಡ್ರೋಕ್ವಿನೋನ್ (ಚರ್ಮದ ಬಣ್ಣ ತಿಳಿಯಾಗಿಸುವ ಔಷಧ) ಮತ್ತು ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳಿವೆ. ಅವು ಬಂಗು ಎಂಬ ಮುಖದ ಕಂದು ಮಚ್ಚೆಗೆ, ಅದೂ ಕೆಲವೇ ವಾರಗಳ ಮಟ್ಟಿಗೆ ಇರುವಂಥವು. ಮೊಡವೆಗೆ ಹಚ್ಚಿದರೆ ಮೊದಲ ವಾರ ಕೆಂಪು ಇಳಿದು ಮುಖ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣಿಸತೊಡಗುತ್ತವೆ, ಸ್ಟೀರಾಯ್ಡಿನಿಂದಲೇ ಹೊಸ ಮೊಡವೆ ಏಳುತ್ತವೆ, ಬಿಟ್ಟರೆ ಮುಖ ಉರಿಯುತ್ತದೆ. ಡಬ್ಬಿಯ ಮೇಲೆ ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್‌ಗಳ ಹೆಸರು ಕಂಡರೆ ಮುಟ್ಟಬೇಡಿ.

ಹಂತ 2: ಹಚ್ಚುವುದು

ಎಲ್ಲರೂ ಎಡವುವುದು ಇಲ್ಲಿಯೇ. ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ನಂತರ 20 ನಿಮಿಷ ಸುಮ್ಮನೆ ಬಿಡಿ. ಒದ್ದೆ ಚರ್ಮ ಔಷಧವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಉರಿಯೂ ಅಷ್ಟೇ ಹೆಚ್ಚುತ್ತದೆ. ಕಾಯುವ ಹೊತ್ತಿನಲ್ಲಿ ಮೂಗಿನ ಹೊಳ್ಳೆಯ ಪಕ್ಕದ ಗೀರು, ತುಟಿಯ ಮೂಲೆ, ಕಣ್ಣಿನ ಅಂಚಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಔಷಧ ಹರಿದು ಬಂದು ನಿಲ್ಲುವುದು ಈ ಮಡಿಕೆಗಳಲ್ಲಿ. ಮೊದಲು ಬಿರಿಯುವುದೂ ಇವೇ.

ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಜೆಲ್ ಸಾಕು. ಕೆನ್ನೆಗೊಂದು ಕಾಳು, ಹಣೆಗೊಂದು ಕಾಳು ಎಂಬ ಲೆಕ್ಕವಲ್ಲ. ಆ ಒಂದೇ ಕಾಳನ್ನು ಐದು ಚುಕ್ಕೆಯಾಗಿ ಹಂಚಿ: ಹಣೆ, ಎರಡು ಕೆನ್ನೆ, ಮೂಗು, ಗಲ್ಲ. ಬೆರಳ ತುದಿಯಿಂದ ತೆಳುವಾಗಿ ಹರಡಿದರೆ ಅರ್ಧ ನಿಮಿಷದಲ್ಲಿ ಕಾಣದಾಗಬೇಕು. ಬಿಳಿ ಪದರ ಉಳಿದರೆ ಹೆಚ್ಚಾಯಿತೆಂದೇ ಅರ್ಥ. ಹೆಚ್ಚು ಹಚ್ಚಿದರೆ ಬೇಗ ಗುಣವಾಗುವುದಿಲ್ಲ, ಬೇಗ ಸಿಪ್ಪೆ ಏಳುತ್ತದೆ ಅಷ್ಟೇ. ಹತ್ತು ನಿಮಿಷ ಬಿಟ್ಟು ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ. ಸೂಕ್ಷ್ಮ ಚರ್ಮದವರು ಜೆಲ್‌ಗಿಂತ ಮೊದಲೂ ಒಂದು ಪದರ ಹಚ್ಚಬಹುದು.

ಮೊದಲ ಎರಡು ವಾರ, ವಾರಕ್ಕೆ ಎರಡೇ ರಾತ್ರಿ. ಉದಾಹರಣೆಗೆ ಸೋಮವಾರ ಮತ್ತು ಗುರುವಾರ. ಮುಂದಿನ ಎರಡು ವಾರ ರಾತ್ರಿ ಬಿಟ್ಟು ರಾತ್ರಿ. ಚರ್ಮ ಒಪ್ಪಿಕೊಂಡಿದ್ದರೆ ಐದನೇ ವಾರದಿಂದ ಪ್ರತಿ ರಾತ್ರಿ. ಹಚ್ಚಿದ ಕೆಲ ನಿಮಿಷ ಚುರುಚುರು ಎನ್ನುವುದು, ಬಾಯಿಯ ಸುತ್ತ ಸಣ್ಣ ಹೊಟ್ಟು ಏಳುವುದು ಮಾಮೂಲಿ. ಬೆಳಿಗ್ಗೆಯೂ ಉರಿ ಇದ್ದರೆ, ಮಾಯಿಶ್ಚರೈಸರ್ ಹಚ್ಚಿದರೂ ಚುಚ್ಚಿದರೆ, ಮೂರು ರಾತ್ರಿ ಬಿಟ್ಟು ಹಿಂದಿನ ಲೆಕ್ಕಕ್ಕೆ ಇಳಿಯಿರಿ. ಅದೂ ತಡೆಯದಿದ್ದರೆ ಹಚ್ಚಿ 30 ನಿಮಿಷಕ್ಕೆ ತೊಳೆದುಬಿಡಿ; ಆ ಅರ್ಧ ಗಂಟೆಯೂ ವ್ಯರ್ಥವಲ್ಲ. ಊತ, ಗುಳ್ಳೆ, ಜಿನುಗು ಕಂಡರೆ ಮಾತ್ರ ಪೂರ್ತಿ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಉರಿಯನ್ನು ಹಲ್ಲು ಕಚ್ಚಿ ಸಹಿಸಬೇಡಿ. ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ ಚರ್ಮ ಕೆರಳಿದಲ್ಲೆಲ್ಲ ಕಪ್ಪು ಕಲೆ ಉಳಿಯುತ್ತದೆ. ಮೊಡವೆ ಹೋದರೂ ಆ ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಹಂತ 3: ಜೊತೆಗೆ ಏನು ಬೇಡ, ಏನು ಬೇಕು

ಈ ಆರು ವಾರ ಸ್ಕ್ರಬ್, ಆಲ್ಕೋಹಾಲ್ ಇರುವ ಟೋನರ್, ಸ್ಯಾಲಿಸಿಲಿಕ್ ಮತ್ತು ಗ್ಲೈಕೋಲಿಕ್ ಆಮ್ಲ ಎಲ್ಲಕ್ಕೂ ರಜೆ ಕೊಡಿ. ಟೂತ್‌ಪೇಸ್ಟ್ ಅಂತೂ ಯಾವತ್ತೂ ಬೇಡ. ಮುಖಕ್ಕೆ ವ್ಯಾಕ್ಸ್ ಮಾಡಿಸುವುದಿದ್ದರೆ ಒಂದು ವಾರ ಮೊದಲೇ ಜೆಲ್ ನಿಲ್ಲಿಸಿ, ಇಲ್ಲವಾದರೆ ಮೇಲ್ಚರ್ಮವೇ ಕಿತ್ತು ಬಂದೀತು. ಬೆಳಿಗ್ಗೆ ತಪ್ಪದೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್.

ಕೀವು ತುಂಬಿದ ಕೆಂಪು ಮೊಡವೆಗಳೇ ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್ 2.5% ಜೊತೆಗಿರಲಿ. ಇದು ಸಾಮಾನ್ಯ ಟ್ರೆಟಿನಾಯಿನ್ ಅನ್ನು ಕೆಡಿಸುತ್ತದೆ, ಆದ್ದರಿಂದ ಇದನ್ನು ಬೆಳಿಗ್ಗೆ, ಅದನ್ನು ರಾತ್ರಿ ಹಚ್ಚಿ. ಅಡಾಪಲೀನ್‌ಗೆ ಆ ತೊಂದರೆಯಿಲ್ಲ, ಎರಡನ್ನೂ ಬೆರೆಸಿದ ಜೆಲ್ ಸಿದ್ಧವಾಗಿಯೇ ಸಿಗುತ್ತದೆ. ಬಣ್ಣದ ಟವೆಲ್, ದಿಂಬಿನ ಗೌಸು ಮಾತ್ರ ಬೆಂಜಾಯಿಲ್ ಪೆರಾಕ್ಸೈಡ್‌ನಿಂದ ಬಿಳಿಚಿಕೊಳ್ಳುತ್ತವೆ, ಬಿಳಿಯವನ್ನೇ ಬಳಸಿ.

ಹಂತ 4: ಕಾಯುವುದು

ಎರಡರಿಂದ ಆರು ವಾರದೊಳಗೆ ಮೊಡವೆ ಹೆಚ್ಚಿದಂತೆ ಕಾಣಬಹುದು. ಒಳಗೆ ಆಗಲೇ ಕಟ್ಟಿದ್ದ ಬಿರಡೆಗಳು ಬೇಗ ಮೇಲೆ ಬರುತ್ತಿರುವುದರ ಲಕ್ಷಣ ಇದು. ಸಾಮಾನ್ಯವಾಗಿ ಮೊದಲು ಏಳುತ್ತಿದ್ದ ಜಾಗದಲ್ಲೇ ಬರುತ್ತವೆ. ಹಿಂದೆಂದೂ ಏಳದ ಜಾಗದಲ್ಲಿ ತುರಿಸುವ ಒಂದೇ ಗಾತ್ರದ ಗುಳ್ಳೆಗಳು ಬಂದರೆ ಅದು ಬೇರೆ ಸಮಸ್ಯೆ, ತೋರಿಸಿ. ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದಿಡಿ. ದಿನವೂ ನೋಡುವ ಕನ್ನಡಿಯಲ್ಲಿ ಬದಲಾವಣೆ ಗೊತ್ತಾಗುವುದಿಲ್ಲ. 12 ವಾರ ತುಂಬುವ ತನಕ ಕೆಲಸ ಮಾಡಲಿಲ್ಲ ಎನ್ನಬೇಡಿ. ಆದರೆ ಆಳವಾದ, ನೋಯುವ ಗಂಟುಗಳಿದ್ದರೆ ಅಥವಾ ಗುಳಿ ಬೀಳುತ್ತಿದ್ದರೆ ಅಷ್ಟು ದಿನ ಕಾಯದೆ ಚರ್ಮರೋಗ ತಜ್ಞರಲ್ಲಿಗೆ ಹೋಗಿ. ಜೆಲ್ ಒಂದರಿಂದಲೇ ಅದು ನಿಲ್ಲುವುದಿಲ್ಲ.

ಮುಖ ತಿಳಿಯಾದ ಮೇಲೂ ಟ್ಯೂಬ್ ಬಿಡಬೇಡಿ. ಬಿರಡೆ ಕಟ್ಟುವುದು ಒಳಗೆ ನಡೆದೇ ಇರುತ್ತದೆ. ವಾರಕ್ಕೆ ಎರಡು ಮೂರು ರಾತ್ರಿ, ಅದೇ ಒಂದು ಬಟಾಣಿ ಕಾಳಿನಷ್ಟು ಮುಂದುವರಿಯಲಿ.