ತಿಪಟೂರಿನಿಂದ ಮೆಲ್ಬರ್ನ್‌ಗೆ: ನಾನು ವಾಪಸ್ ಮನೆ ಸೇರಿದ್ದು ಹೀಗೆ

2021ರ ಏಪ್ರಿಲ್ 27, ಮಂಗಳವಾರ. ಅವತ್ತು ರಾತ್ರಿ 9 ಗಂಟೆಯಿಂದ ಕರ್ನಾಟಕದಲ್ಲಿ 14 ದಿನ ಕೋವಿಡ್ ಕರ್ಫ್ಯೂ. ಅಕ್ಕಿ, ಬೇಳೆ, ಅಮ್ಮನ ಬಿಪಿ ಮಾತ್ರೆ ತಂದಿಡೋಣ ಅಂತ ಹೊರಟಿದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಬರ್ನ್‌ನಿಂದ ಹೆಂಡತಿಯ ಫೋನ್ ಬಂತು.

"ರೀ, ನ್ಯೂಸ್ ನೋಡಿದ್ರಾ? ಇಂಡಿಯಾದಿಂದ ಬರೋ ಫ್ಲೈಟೆಲ್ಲಾ ನಿಲ್ಲಿಸಿಬಿಟ್ರಂತೆ. ಮೇ 15ರ ತನಕ."

ನನ್ನ ಟಿಕೆಟ್ ಇದ್ದದ್ದು ಮೇ 2ಕ್ಕೆ. ಅದು ನನ್ನ ಮೂರನೇ ಟಿಕೆಟ್.

ಹಿಂದಿನ ಕಥೆ ಸ್ವಲ್ಪ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ತಿಪಟೂರು. ಹತ್ತು ವರ್ಷಕ್ಕಿಂತ ಜಾಸ್ತಿ ಆಯ್ತು ಮೆಲ್ಬರ್ನ್ ಸೇರಿ. ಕೈಯಲ್ಲಿರುವುದು ಆಸ್ಟ್ರೇಲಿಯಾದ ಪಾಸ್‌ಪೋರ್ಟ್. 2021ರ ಜನವರಿಯಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಹೊರಟು ಬರೋಣ ಅಂದರೆ ಬರುವ ಹಾಗಿರಲಿಲ್ಲ. 2020ರ ಮಾರ್ಚ್ 25ರಿಂದಲೇ ಆಸ್ಟ್ರೇಲಿಯಾ ತನ್ನ ಪ್ರಜೆಗಳೂ ದೇಶ ಬಿಟ್ಟು ಹೋಗದ ಹಾಗೆ ತಡೆದಿತ್ತು. ಹೋಗಬೇಕಾದರೆ ಕಾರಣ ಕೊಟ್ಟು ಅನುಮತಿ ತೆಗೆದುಕೊಳ್ಳಬೇಕು. ಡಾಕ್ಟರ ಪತ್ರ, ಆಸ್ಪತ್ರೆಯ ಸ್ಕ್ಯಾನ್ ರಿಪೋರ್ಟ್, ಅವರು ನನ್ನ ತಂದೆ ಅನ್ನುವುದಕ್ಕೆ ದಾಖಲೆ, ಎಲ್ಲಾ ಹಚ್ಚಿದೆ. ಅನುಮತಿ ಸಿಕ್ಕಿತು. ಸಿಡ್ನಿಯಿಂದ ದೆಹಲಿಗೆ ವಂದೇ ಭಾರತ್ ವಿಮಾನ (ಆಗ ವಿದೇಶದಲ್ಲಿ ಸಿಕ್ಕಿಕೊಂಡವರಿಗಾಗಿ ಭಾರತ ಸರ್ಕಾರ ಬಿಟ್ಟಿದ್ದು) ಹಿಡಿದು ಬಂದೆ. ಅಪ್ಪ ಮೂರು ವಾರ ಇದ್ದರು. ಮಾತು ನಿಂತಿತ್ತು, ಕೈ ಹಿಡಿದರೆ ಒತ್ತುತ್ತಿದ್ದರು. ಆ ಮೂರು ವಾರ ನನಗೆ ಸಿಕ್ಕಿತಲ್ಲ, ಅದಕ್ಕಾಗಿ ಮುಂದಿನದ್ದನ್ನೆಲ್ಲಾ ಇನ್ನೊಂದು ಸಲ ಅನುಭವಿಸಲೂ ನಾನು ಸಿದ್ಧ.

ತಿಥಿ ಮುಗಿಸಿ ಮಾರ್ಚ್‌ನಲ್ಲಿ ವಾಪಸ್ ಅಂತ ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ ಮೆಲ್ಬರ್ನ್‌ನ ಒಂದು ಕ್ವಾರಂಟೀನ್ ಹೋಟೆಲಿನಿಂದ ಸೋಂಕು ಹೊರಬಿದ್ದು, ಫೆಬ್ರವರಿ ಮಧ್ಯದಿಂದ ಏಪ್ರಿಲ್ 8ರವರೆಗೆ ಆ ಊರಿಗೆ ವಿದೇಶದ ಪ್ರಯಾಣಿಕರನ್ನೇ ಬಿಡಲಿಲ್ಲ. ಮೊದಲ ಟಿಕೆಟ್ ಹಾಗೆ ಹೋಯಿತು. ಎರಡನೆಯದನ್ನು ಸಿಡ್ನಿಗೆ ತೆಗೆದೆ. ದಿನಕ್ಕೆ ಇಷ್ಟೇ ಜನ ಇಳಿಯಬಹುದು ಅಂತ ಮಿತಿ ಇತ್ತು. ದೊಡ್ಡ ದೊಡ್ಡ ವಿಮಾನಗಳು ಬರೀ ಹತ್ತಾರು ಜನರನ್ನು ಕೂರಿಸಿಕೊಂಡು ಹೋಗುತ್ತಿದ್ದವು. ಕಡಿಮೆ ದುಡ್ಡಿನ ಸೀಟಿನವರನ್ನು ಮೊದಲು ಕೈಬಿಡುತ್ತಿದ್ದರು. ಹೊರಡುವ ನಾಲ್ಕು ದಿನ ಮೊದಲು ನನಗೂ ಕ್ಯಾನ್ಸಲ್ ಮೆಸೇಜ್ ಬಂತು. ದುಡ್ಡು ವಾಪಸ್ ಬರಲಿಲ್ಲ, ವೋಚರ್ ಕೊಟ್ಟರು.

ಇದರಲ್ಲಿ ನನ್ನ ತಪ್ಪೂ ಇದೆ. ಟಿಕೆಟ್ ಕೈಯಲ್ಲಿದ್ದರೆ ಊರು ಸೇರಿದ ಹಾಗೆ ಅಂದುಕೊಂಡುಬಿಟ್ಟಿದ್ದೆ. ಗಡಿ ಮುಚ್ಚಿದ ಕಾಲದಲ್ಲಿ ಟಿಕೆಟ್ ಅಂದರೆ ಬರೀ ಒಂದು ಕಾಗದ. ಆಸ್ಟ್ರೇಲಿಯಾದ ವಿದೇಶಾಂಗ ಇಲಾಖೆಯಲ್ಲಿ, ವಾಪಸ್ ಹೋಗಬೇಕಾದವರ ಪಟ್ಟಿಗೆ ಹೆಸರು ನೋಂದಾಯಿಸಿದ್ದೆ ನಿಜ. ಆದರೆ ಹೆಸರು, ಪಾಸ್‌ಪೋರ್ಟ್ ನಂಬರು ಹಾಕಿ ಸುಮ್ನೆ ಬಿಟ್ಟಿದ್ದೆ.

ಕರ್ಫ್ಯೂ ಶುರುವಾದ ಎರಡು ದಿನಕ್ಕೆ ಪಕ್ಕದ ಮನೆಯ ಹುಡುಗ ಕಾಂಪೌಂಡ್ ಆಚೆಯಿಂದಲೇ ಕೇಳಿದ. "ಅಣ್ಣ, ನಮ್ಮ ಆರ್‌ಸಿಬಿಯ ಜಂಪಾ, ರಿಚರ್ಡ್‌ಸನ್ ಇಬ್ರೂ ಹೋದ್ರಂತಲ್ಲ. ನಿಮಗ್ಯಾಕೆ ಆಗಲ್ಲ?" ಅವನು ಹೇಳಿದ್ದು ಸರಿಯಾಗಿತ್ತು. ಆಡಂ ಜಂಪಾ, ಕೇನ್ ರಿಚರ್ಡ್‌ಸನ್ ಐಪಿಎಲ್ ಅರ್ಧಕ್ಕೇ ಬಿಟ್ಟು ದೋಹಾ ಮೇಲಿಂದ ಮೆಲ್ಬರ್ನ್ ಸೇರಿಬಿಟ್ಟಿದ್ದರು. ನೇರ ವಿಮಾನ ನಿಂತರೂ ದೋಹಾದ ದಾರಿ ಸಣ್ಣದಾಗಿ ತೆರೆದಿತ್ತು. ನಾನೂ ಅದನ್ನೇ ಹುಡುಕುತ್ತಾ ಕೂತೆ.

ಏಪ್ರಿಲ್ 30ರ ರಾತ್ರಿ ಆ ದಾರಿಯೂ ಮುಚ್ಚಿತು. ಆಸ್ಟ್ರೇಲಿಯಾದ ಆರೋಗ್ಯ ಮಂತ್ರಿಯ ಆದೇಶ ಬಂತು. ಹಿಂದಿನ 14 ದಿನದಲ್ಲಿ ಭಾರತದಲ್ಲಿದ್ದವರು ಯಾವ ದಾರಿಯಿಂದಲೂ ಆಸ್ಟ್ರೇಲಿಯಾಕ್ಕೆ ಬರುವಂತಿಲ್ಲ, ಪ್ರಜೆಗಳೂ ಬರುವಂತಿಲ್ಲ. ಜಾರಿ ಮೇ 3ರಿಂದ. ಮೀರಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ 66,600 ಡಾಲರ್ ದಂಡ, ಇಲ್ಲವೇ ಎರಡೂ. ದಂಡವನ್ನು ರೂಪಾಯಿಗೆ ತಿರುಗಿಸಿ ನೋಡಿದೆ. ಸುಮಾರು 38 ಲಕ್ಷ.

ಆ ರಾತ್ರಿ ನಿದ್ದೆ ಬರಲಿಲ್ಲ. ಕ್ವಾರಂಟೀನ್ ಮಾಡಿ ಅಂದಿದ್ದರೆ 14 ದಿನ ಏನು, 28 ದಿನ ಬೇಕಾದರೂ ಕೂರುತ್ತಿದ್ದೆ. ಸೋಂಕು ಒಳಗೆ ಬರದ ಹಾಗೆ ನೋಡಿಕೊಳ್ಳುವುದು ಸರ್ಕಾರದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೌರತ್ವ ಕೊಡುವ ದಿನ ಕೈ ಕುಲುಕಿ ಗಿಡ ಕೊಟ್ಟ ದೇಶ, ನಿನ್ನ ಮನೆಗೆ ನೀನು ಬಂದರೆ ಜೈಲು ಅಂದರೆ ಹೇಗೆ? 2020ರಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಸೋಂಕು ಉಕ್ಕಿದಾಗ ಅಲ್ಲಿದ್ದ ಆಸ್ಟ್ರೇಲಿಯನ್ನರಿಗೆ ಹೀಗೆ ಹೇಳಿರಲಿಲ್ಲ. ಇದು ತಪ್ಪು ಅಂತ ಅವತ್ತೂ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ. ಬೆಂಗಳೂರಿನಲ್ಲೇ ಸಿಕ್ಕಿಬಿದ್ದಿದ್ದ 73 ವರ್ಷದ ಆಸ್ಟ್ರೇಲಿಯನ್ ಒಬ್ಬರು ಈ ಆದೇಶದ ವಿರುದ್ಧ ಅಲ್ಲಿನ ಫೆಡರಲ್ ಕೋರ್ಟಿಗೆ ಹೋದರು. ಮೇ 10ರಂದು ಕೋರ್ಟು ಅವರ ವಾದವನ್ನು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ, 15ರ ನಂತರ ನಿಷೇಧ ಮುಂದುವರಿಸುವುದಿಲ್ಲ ಅಂತ ಸರ್ಕಾರವೇ ಹೇಳಿಯಾಗಿತ್ತು.

ಭಾರತದಲ್ಲಿ ಸಿಕ್ಕಿಕೊಂಡವರ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿದ್ದು ಆ ವಾರವೇ. ವಿದೇಶಾಂಗ ಇಲಾಖೆಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದವರು ಸುಮಾರು 9,000 ಜನ. ದಾವಣಗೆರೆಯ ಒಬ್ಬರು ಅಕ್ಕ ಅದರಲ್ಲಿದ್ದರು. ಅವರು ನನ್ನ ಕಥೆ ಕೇಳಿ ಫೋನ್ ಮಾಡಿದರು. "ನಿಮ್ಮ ಪರಿಸ್ಥಿತಿ ಏನು ಅಂತ ಇಲಾಖೆಯವರಿಗೆ ಬರೆದಿದ್ದೀರಾ? ಬರೀ ಹೆಸರಿದ್ರೆ ಯಾರಿಗೆ ಗೊತ್ತಾಗುತ್ತೆ?" ಅವತ್ತು ರಾತ್ರಿಯೇ ಕೂತು ಬರೆದೆ. ನಾಲ್ಕು ವರ್ಷದ ಮಗಳು ಅಲ್ಲಿದ್ದಾಳೆ. ಹೆಂಡತಿ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ, ಮಗುವನ್ನು ನೋಡಿಕೊಳ್ಳುವವರಿಲ್ಲ. ನನಗೆ ಮೂರು ತಿಂಗಳಿಂದ ಸಂಬಳವಿಲ್ಲ. ಅಳು, ಸಿಟ್ಟು ಏನೂ ಬೆರೆಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ದಾಖಲೆ ಸಮೇತ ಬರೆದೆ. ಪ್ರತಿ ಸೋಮವಾರ ಏನಾದರೂ ಬದಲಾಗಿದ್ದರೆ ತಿದ್ದುತ್ತಿದ್ದೆ. ಫೋನಿನ ಸೌಂಡ್ ಪೂರ್ತಿ ಇಟ್ಟೆ. ಗೊತ್ತಿಲ್ಲದ ನಂಬರಿನಿಂದ ಬಂದ ಕರೆಯನ್ನೂ ಬಿಡದೆ ಎತ್ತಿದೆ.

ನಿಷೇಧದ ನಂತರದ ಮೊದಲ ವಿಮಾನ ಮೇ 15ರಂದು ದೆಹಲಿಯಿಂದ ಉತ್ತರ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಇಳಿಯಿತು. ಸೀಟು 150 ಇದ್ದವು. ಹತ್ತಿದವರು ಸುಮಾರು 80 ಜನ. ಮಿಕ್ಕವರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ದೆಹಲಿಯಲ್ಲಿ ಮಾಡಿದ ಟೆಸ್ಟಿನಲ್ಲಿ ಪಾಸಿಟಿವ್. ಇನ್ನುಳಿದವರು ಅವರ ಜೊತೆಯಲ್ಲಿದ್ದವರು. ಮನೆಯಲ್ಲಿ ಒಬ್ಬರಿಗೆ ಬಂದರೆ ಇಡೀ ಮನೆಯವರ ಸೀಟು ಹೋಯಿತು. ತಿಂಗಳುಗಟ್ಟಲೆ ಕಾದು, ಸೀಟು ಸಿಕ್ಕಿ, ದೆಹಲಿವರೆಗೆ ಹೋಗಿ ವಾಪಸ್ ಬಂದವರ ಮೆಸೇಜುಗಳನ್ನು ಗ್ರೂಪಿನಲ್ಲಿ ಓದಿ ಕೈಕಾಲು ತಣ್ಣಗಾಯಿತು.

ಅವತ್ತೇ ನಿರ್ಧಾರ ಮಾಡಿದೆ. ಸೀಟು ಯಾವಾಗಲಾದರೂ ಬರಲಿ. ಅದಕ್ಕೆ ಮೊದಲು ನಾನು ಯಾರಿಂದಲೂ ಸೋಂಕು ತಗುಲಿಸಿಕೊಳ್ಳಬಾರದು, ಅಮ್ಮನಿಂದಲೂ.

ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮಿದೆ. ಅಪ್ಪ ಕೊಬ್ಬರಿ ಒಟ್ಟುತ್ತಿದ್ದ ಅಟ್ಟವನ್ನೇ ಆಮೇಲೆ ರೂಮು ಮಾಡಿಸಿದ್ದು. ಈಗಲೂ ಬಿಸಿಲು ಏರಿದರೆ ಗೋಡೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತದೆ. ಹೊರಗಿನಿಂದ ಮೆಟ್ಟಿಲು. ಹಾಸಿಗೆ, ನೀರಿನ ಕ್ಯಾನು, ಒಂದು ಬಕೆಟ್ಟು ತೆಗೆದುಕೊಂಡು ಮೇಲೆ ಹೋದೆ. ಗಂಡ ಹೋಗಿ ಮೂರು ತಿಂಗಳಾದ ಅಮ್ಮ ಕೆಳಗೆ ಒಬ್ಬಳೇ. ನಾನು ಮೇಲೆ ಒಬ್ಬನೇ. ಅಮ್ಮನಿಗೆ ಹೇಳುವುದೇ ಕಷ್ಟವಾಯಿತು. ಹೇಳಿದ ಮೇಲೆ ಅವಳು ಒಂದು ನಿಮಿಷ ಸುಮ್ಮನಿದ್ದು, "ಸರಿ ಕಣಪ್ಪಾ, ಮಗು ದಾರಿ ಕಾಯ್ತಾ ಇರುತ್ತೆ" ಅಂದಳು.

ಹೊತ್ತೊತ್ತಿಗೆ ತಟ್ಟೆ ತಂದು ಐದನೇ ಮೆಟ್ಟಿಲ ಮೇಲೆ ಇಡುತ್ತಿದ್ದಳು. ಅದಕ್ಕಿಂತ ಮೇಲೆ ಹತ್ತಬೇಡ ಅಂದಿದ್ದೆ. ಮುದ್ದೆ, ಸೊಪ್ಪಿನ ಸಾರು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಕಾಗೆ ಬಾರದ ಹಾಗೆ ಅದರ ಮೇಲೆ ಒಂದು ಕಲ್ಲು. ಇಟ್ಟು, ಸ್ಟೀಲ್ ಲೋಟದಿಂದ ಕಂಬಿಗೆ ಎರಡು ಸಲ ಟಣ್ ಟಣ್ ಅಂತ ಬಡಿದು, ಇಳಿದು ಅಂಗಳದ ಆ ತುದಿಗೆ ಹೋಗಿ ನಿಲ್ಲುತ್ತಿದ್ದಳು. ನಾನು ತಟ್ಟೆ ತೆಗೆದುಕೊಂಡು ಮೇಲಿನ ಮೆಟ್ಟಿಲಲ್ಲೇ ಕೂತು ಉಣ್ಣುತ್ತಿದ್ದೆ. ಅವಳು ತುಳಸಿ ಕಟ್ಟೆಯ ಹತ್ತಿರ ಕೂತು ನೋಡುತ್ತಿದ್ದಳು. ಇಬ್ಬರಿಗೂ ಮಾಸ್ಕ್ ಇದ್ದರೆ ಮಾತು ಕೇಳಿಸುತ್ತಿರಲಿಲ್ಲ, ಅದಕ್ಕೆ ಫೋನಿನಲ್ಲಿ ಮಾತು. ಒಂದೇ ಅಂಗಳದಲ್ಲಿ, ಒಬ್ಬರಿಗೊಬ್ಬರು ಕಾಣುವ ಹಾಗೆ ಕೂತು, ಫೋನಿನಲ್ಲಿ. "ಉಪ್ಪು ಸರಿಯಾಗಿದ್ಯಾ?" "ಸರಿಯಾಗಿದೆ ಅಮ್ಮ." ಹದಿನೇಳು ದಿನ ಹೀಗೆ ನಡೆಯಿತು. ಅವಳನ್ನು ಬಿಟ್ಟು ಹೋಗುವುದಕ್ಕಾಗಿ ಅವಳಿಂದ ದೂರ ಕೂತಿದ್ದೇನಲ್ಲ ಅಂತ ಎಷ್ಟೋ ಸಲ ತುತ್ತು ಗಂಟಲಲ್ಲೇ ನಿಂತಿದೆ.

ಮೇ ಕೊನೆಯ ವಾರ ವಿದೇಶಾಂಗ ಇಲಾಖೆಯಿಂದ ಕರೆ ಬಂತು. ಸೀಟು ಇದೆ, ಬರುತ್ತೀರಾ ಅಂತ ಕೇಳಿದರು. ಮೇಲ್ ನೋಡಿ ಅವತ್ತೇ ಒಪ್ಪಿಗೆ ಕಳಿಸಿದೆ, ದುಡ್ಡು ಕಟ್ಟಿದೆ.

ಹೊರಟ ದಿನ ಬಸ್ಸಿಲ್ಲ, ಲಾಕ್‌ಡೌನ್. ಪರಿಚಯದ ಡ್ರೈವರ್ ಒಬ್ಬರು ಟೆಸ್ಟ್ ಮಾಡಿಸಿಕೊಂಡು ಬಂದು, ಕಿಟಕಿ ಎಲ್ಲಾ ಇಳಿಸಿ ಬೆಂಗಳೂರು ಏರ್‌ಪೋರ್ಟಿಗೆ ಬಿಟ್ಟರು. ದಾರಿಯಲ್ಲಿ ಪೊಲೀಸರು ತಡೆದಾಗ ಟಿಕೆಟ್, ಮೇಲ್ ತೋರಿಸಿದೆ. ಎಲ್ಲದರ ಎರಡೆರಡು ಪ್ರಿಂಟ್ ಇಟ್ಟುಕೊಂಡಿದ್ದೆ, ತುಂಬಾ ಉಪಯೋಗಕ್ಕೆ ಬಂತು. ಅಮ್ಮ ಗೇಟಿನ ತನಕ ಬಂದು ನಿಂತಳು. ಕಾಲಿಗೆ ಬೀಳಲಿಲ್ಲ. ದೂರದಿಂದಲೇ ಕೈ ಮುಗಿದೆ.

ದೆಹಲಿಯಲ್ಲಿ ಎರಡು ದಿನ ಮೊದಲೇ ಹೋಟೆಲ್ ಸೇರಬೇಕು. ರೂಮಿನಿಂದ ಆಚೆ ಬರುವಂತಿಲ್ಲ. ಪಿಪಿಇ ಹಾಕಿದ ಹುಡುಗಿ ಬಂದು ಮೂಗು, ಗಂಟಲಿನಿಂದ ಸ್ವಾಬ್ ತೆಗೆದುಕೊಂಡು ಹೋದಳು. ಆರ್‌ಟಿ-ಪಿಸಿಆರ್ ಒಂದು, ರ್‍ಯಾಪಿಡ್ ಟೆಸ್ಟ್ ಒಂದು, ಎರಡೂ ನೆಗೆಟಿವ್ ಬರಬೇಕು. ರಿಸಲ್ಟ್ ಬರುವವರೆಗಿನ ಆ ಗಂಟೆಗಳ ಬಗ್ಗೆ ಹೇಳುವುದಕ್ಕೆ ನನ್ನ ಹತ್ತಿರ ಮಾತಿಲ್ಲ. ನೆಗೆಟಿವ್ ಅಂತ ಓದಿದ ಮೇಲೂ ಹೆಸರು ನನ್ನದೇನಾ ಅಂತ ನಾಲ್ಕು ಸಲ ನೋಡಿದೆ. ಎದುರು ರೂಮಿನ ಬಾಗಿಲು ಬೆಳಗ್ಗೆ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮಕ್ಕಳ ಒಂದು ಚಪ್ಪಲಿ ಅಲ್ಲೇ ಬಿದ್ದಿತ್ತು. ವಿಮಾನದಲ್ಲಿ ಆ ಮಕ್ಕಳನ್ನು ಹುಡುಕಿದೆ. ಕಾಣಲಿಲ್ಲ.

ಡಾರ್ವಿನ್‌ನಿಂದ 25 ಕಿಲೋಮೀಟರ್ ದೂರದ ಹೋವರ್ಡ್ ಸ್ಪ್ರಿಂಗ್ಸ್‌ನಲ್ಲಿ ಕ್ವಾರಂಟೀನ್. ಗ್ಯಾಸ್ ಯೋಜನೆಯ ಕಾರ್ಮಿಕರಿಗಾಗಿ ಕಟ್ಟಿದ ಕ್ಯಾಂಪ್ ಅದು. ಸಾಲು ಸಾಲು ಸಣ್ಣ ರೂಮು, ಪ್ರತಿ ರೂಮಿಗೆ ಬೇರೆ ಎಸಿ, ಬಾಗಿಲು ತೆರೆದರೆ ನೇರ ಬಯಲಿನ ಗಾಳಿ, ಮುಂದೆ ಒಂದು ಸಣ್ಣ ಜಗುಲಿ. ಹೋಟೆಲಿನ ಮುಚ್ಚಿದ ಕಾರಿಡಾರಿನಲ್ಲಿ ಸೋಂಕು ಹರಡಿದ್ದನ್ನು ನೋಡಿದ ಮೇಲೆ, ಕ್ವಾರಂಟೀನ್ ಅಂದರೆ ಹೀಗಿರಬೇಕು ಅನ್ನಿಸಿತು. ಇಂಥ ಜಾಗ ಇನ್ನೂ ನಾಲ್ಕು ಮೊದಲೇ ಕಟ್ಟಿದ್ದರೆ ಜೈಲಿನ ಮಾತೇ ಬೇಕಾಗಿರಲಿಲ್ಲ. ನರ್ಸುಗಳು ಒಳ್ಳೆಯವರು. ಮಾಸ್ಕ್ ಹಾಕಿ ಜಗುಲಿಯಲ್ಲಿ ಕೂರಬಹುದು, ಪಕ್ಕದವರ ಜೊತೆ ದೂರದಿಂದ ಮಾತಾಡಬಹುದು. ಬಿಲ್ಲು ತಲೆಗೆ 2,500 ಡಾಲರ್. ಕಟ್ಟಿದೆ, ಅದರ ಬಗ್ಗೆ ನನಗೆ ಬೇಸರವಿಲ್ಲ.

ಅಲ್ಲಿಗೂ ನಮ್ಮೂರಿಗೂ ನಾಲ್ಕು ಗಂಟೆ ವ್ಯತ್ಯಾಸ. ಅಮ್ಮ ದೀಪ ಹಚ್ಚುವ ಹೊತ್ತಿಗೆ ನನಗೆ ರಾತ್ರಿ ಹತ್ತೂವರೆ. ಊಟದ ಪೊಟ್ಟಣ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ ಅಂತ ಹೇಳಿದಾಗ ಅವಳು ಕೇಳಿದ್ದು, "ಮೇಲೆ ಏನಾದ್ರೂ ಮುಚ್ಚಿರ್ತಾರಾ?"

ಜೂನ್ ಮೂರನೇ ವಾರ ಮೆಲ್ಬರ್ನ್ ಮನೆ ಸೇರಿದೆ. ಮಗಳು ಮೊದಲ ದಿನ ಹತ್ತಿರ ಬರಲಿಲ್ಲ. ಎರಡನೇ ದಿನ ರಾತ್ರಿ ತಾನೇ ದಿಂಬು ತಂದು ಪಕ್ಕದಲ್ಲಿ ಮಲಗಿದಳು.

ಅಮ್ಮನನ್ನು ಕರೆಸಿಕೊಳ್ಳುವುದು ಆಗಲೂ ಆಗಲಿಲ್ಲ. ಪ್ರಜೆಗಳ ಅಪ್ಪ ಅಮ್ಮನನ್ನು ಹತ್ತಿರದ ಕುಟುಂಬ ಅಂತ ಆಸ್ಟ್ರೇಲಿಯಾ ಲೆಕ್ಕಕ್ಕೆ ತೆಗೆದುಕೊಂಡದ್ದು 2021ರ ನವೆಂಬರ್ 1ರಿಂದ. ಅದಕ್ಕೆ ಒಂದು ತಿಂಗಳ ಮೊದಲು ಕೋವಿಶೀಲ್ಡ್‌ಗೂ ಮಾನ್ಯತೆ ಸಿಕ್ಕಿತ್ತು. ಅಮ್ಮ ಹಾಕಿಸಿಕೊಂಡದ್ದು ಅದನ್ನೇ. ಅರ್ಜಿಗೆ ಬೇಕಾದದ್ದು ಅವಳು ನನ್ನ ತಾಯಿ ಅನ್ನುವುದಕ್ಕೆ ದಾಖಲೆ. ಜನವರಿಯಲ್ಲಿ ಅಪ್ಪನಿಗಾಗಿ ಕಳಿಸಿದ್ದ ಜನನ ಪ್ರಮಾಣಪತ್ರದ ಸ್ಕ್ಯಾನ್ ಅದೇ ಫೋಲ್ಡರಿನಲ್ಲಿತ್ತು. ತಂದೆಯ ಹೆಸರು, ಅದರ ಕೆಳಗಿನ ಸಾಲಿನಲ್ಲಿ ತಾಯಿಯ ಹೆಸರು. ಅದನ್ನೇ ಹಚ್ಚಿ ಕಳಿಸಿದೆ.