ಹಳೇ ಬಟ್ಟೆ ಬೇಡ, ತಗಡು ಬೇಕು

ನಾನು ಮಂಗಳೂರಿನವಳು. ಸ್ಕಾಟ್ಲೆಂಡಿನ ಗ್ಲಾಸ್ಗೋ ಹತ್ತಿರ ನರ್ಸ್ ಆಗಿದ್ದೇನೆ. ಇಲ್ಲಿನ ನಮ್ಮ ಕ್ರೈಸ್ತ ಸಭೆಗೂ ಆಫ್ರಿಕಾದ ಮಲಾವಿಯಲ್ಲಿ, ಬ್ಲಾಂಟೈರ್ ಪೇಟೆಯ ಆಚೆಗಿರುವ ಒಂದು ಹಳ್ಳಿ ಸಭೆಗೂ ಹಳೇ ನಂಟು. ಆ ಪೇಟೆಗೆ ಹೆಸರು ಬಂದದ್ದೇ ಇಲ್ಲಿನ ಬ್ಲಾಂಟೈರ್‌ನಿಂದ. ಆಫ್ರಿಕಾ ಸುತ್ತಿದ ಮಿಶನರಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಊರು ಅದು. ಈ ನಂಟಿನ ಲೆಕ್ಕ ನೋಡುವ ಕೆಲಸ 2022ರಲ್ಲಿ ನನ್ನ ಪಾಲಿಗೆ ಬಂತು.

ಮರುವರ್ಷ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಗೆ ಬಡಿಯಿತು. ಅವರ ದೇವಾಲಯದ ಚಾವಣಿ ಹಾರಿಹೋಯಿತು, ಒಂದು ಗೋಡೆ ಕುಸಿಯಿತು. ಸುದ್ದಿ ಬಂದ ವಾರವೇ ನಮ್ಮವರು ಹಳೇ ಬಟ್ಟೆ ಕೂಡಿಸತೊಡಗಿದರು. ಹಿಂದಿನ ಕೋಣೆ ತುಂಬಾ ಚೀಲಗಳು. ನಾನೂ ಎರಡು ಚೀಲ ಕೊಟ್ಟಿದ್ದೆ.

ಕಳಿಸುವ ಮೊದಲು ಅಲ್ಲಿನ ಮ್ವಾನೋದ ಹಿರಿಯಕ್ಕನಿಗೆ ಫೋನ್ ಮಾಡಿದೆ. ಮ್ವಾನೋ ಅಂದರೆ ನಮ್ಮ ಸ್ತ್ರೀಯರ ಕೂಟ ಇದ್ದ ಹಾಗೆ. ಅವರು ಮೆತ್ತಗೆ ಹೇಳಿದರು: "ಬಟ್ಟೆ ಬೇಡ ತಂಗಿ. ಹೊರದೇಶದ ಹಳೇ ಬಟ್ಟೆ ಇಲ್ಲಿನ ಸಂತೆಯಲ್ಲೇ ಬೇಕಾದಷ್ಟು ಸಿಗುತ್ತದೆ. ಇಟ್ಟಿಗೆ ನಾವೇ ಸುಡುತ್ತೇವೆ. ಚಾವಣಿಗೆ ತಗಡು ಬೇಕು." ಆ ಬಟ್ಟೆಗೆ ಅಲ್ಲಿ ಕೌಂಜಿಕ ಅನ್ನುತ್ತಾರೆ. ಕೇಳದೇ ಕಳಿಸಿದ್ದರೆ ಸಾಗಾಟದ ಖರ್ಚೆಲ್ಲ ನೀರಲ್ಲಿ ಹೋಗುತ್ತಿತ್ತು.

ಇಲ್ಲಿನ ಬೇಸಿಗೆಯಲ್ಲಿ ಅವರು ಫೋಟೋ ಕಳಿಸಿದರು. ಹೆಂಗಸರು ತಲೆ ಮೇಲೆ ಬಕೆಟ್ ಹೊತ್ತು ಮಣ್ಣು ಕಲಸುವ ಕಡೆ ನೀರು ತರುತ್ತಿದ್ದಾರೆ. ಹಸಿ ಇಟ್ಟಿಗೆ ಒಟ್ಟಿ, ಹೊರಗಡೆ ಕೆಸರು ಮೆತ್ತಿ, ಬುಡದಲ್ಲಿ ಸೌದೆ ತುರುಕಲು ಕಿಂಡಿ ಬಿಟ್ಟಿದ್ದಾರೆ. ಒಂದು ಇಟ್ಟಿಗೆಯ ಮೇಲೆ ಮಗುವಿನ ನಾಲ್ಕು ಬೆರಳು ಅಚ್ಚೊತ್ತಿತ್ತು. ಆ ಫೋಟೋವನ್ನು ತುಂಬಾ ಹೊತ್ತು ನೋಡಿದೆ. ನನ್ನ ಅಜ್ಜ ಮಂಗಳೂರಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹಂಚು ಸುಡಲು ಶುರು ಮಾಡಿದ ಮೇಲೆ ನಮ್ಮಂಥ ಎಷ್ಟೋ ಮನೆಗಳಿಗೆ ಅದೇ ಅನ್ನ. ಸುಟ್ಟ ಮಣ್ಣಿನ ಬೆಲೆ ನನಗೆ ಗೊತ್ತು.

ಹಣಕ್ಕೆ ಎರಡು ದಾರಿ ಹಿಡಿದೆವು. ಬ್ರಿಟನ್‌ನಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಫಾರಂ ತುಂಬಿದರೆ ಒಂದು ಪೌಂಡ್ ಕಾಣಿಕೆಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ತುಂಬಾ ಜನ ತುಂಬಿರಲಿಲ್ಲ. ಆರಾಧನೆ ಮುಗಿದು ಕಾಫಿ ಕುಡಿಯುವ ಹೊತ್ತಲ್ಲಿ ಪೆನ್ ಹಿಡಿದು ಪಕ್ಕದಲ್ಲೇ ಕೂತೆ. ಆಮೇಲೆ ಬೆಳೆ ಹಬ್ಬಕ್ಕೆ ನಮ್ಮೂರಿನ ಹಾಗೆ ಏಲಂ ಇಟ್ಟೆವು. ಒಂದು ಕುಂಬಳಕಾಯಿ 40 ಪೌಂಡಿಗೆ ಹೋಯಿತು!

ಒಂದು ತಪ್ಪು ನನ್ನಿಂದಲೇ ಆಯಿತು. ಅಕ್ಟೋಬರ್‌ನಲ್ಲಿ ಅರ್ಧ ಹಣ ಅವರ ಖಾತೆಗೆ ಹೋಗಿತ್ತು. ಎರಡು ಕೊಟೇಶನ್ ಇದ್ದರೂ ಮೂರನೆಯದು ಬರುವವರೆಗೆ ತಗಡು ಕೊಳ್ಳಬೇಡಿ ಅಂದೆ. ನವೆಂಬರ್‌ನಲ್ಲಿ ಮಲಾವಿಯ ನಾಣ್ಯ ಕ್ವಾಚಾದ ಬೆಲೆ ಇಳಿಸಿದರು. ಡಾಲರಿಗೆ ಸುಮಾರು 1,180 ಇದ್ದದ್ದು 1,700 ಆಯಿತು. ತಗಡಿನ ಬೆಲೆ ಏರಿತು, ಖಾತೆಯಲ್ಲಿದ್ದ ಹಣ ಅಷ್ಟೇ ಇತ್ತು. ಆ ಮಳೆಗಾಲ ಅರ್ಧ ಚಾವಣಿಯ ಕೆಳಗೇ ಅವರು ಆರಾಧನೆ ಮಾಡಿದರು. ಕ್ಷಮೆ ಕೇಳಿದೆ. ಈಗ ಯಾವಾಗ ಕೊಳ್ಳಬೇಕು ಅಂತ ತೀರ್ಮಾನಿಸುವವರು ಅಲ್ಲಿನ ಹಿರಿಯರೇ. ಇಬ್ಬರ ಸಹಿ, ರಸೀದಿಯ ಫೋಟೋ, ನನಗೆ ಅಷ್ಟು ಸಾಕು.

ಚಾವಣಿ ಪೂರ್ತಿ ಆದ ಮೇಲೆ ಅವರು ಕೇಳಿದ್ದು ಹಣವಲ್ಲ. ಪ್ರಾರ್ಥನೆಗೆ ನಮ್ಮ ಸಭೆಯ ಕಾಯಿಲೆಯವರ ಹೆಸರು. ಹನ್ನೊಂದು ಹೆಸರು ಕಳಿಸಿದೆ. ಹೋದ ವಾರ ಹಿರಿಯಕ್ಕನ ವಾಯ್ಸ್ ಮೆಸೇಜ್ ಬಂತು: "ನಾಲ್ಕನೇ ಹೆಸರಿನ ಅಜ್ಜಿ ಮೊಣಕಾಲು ಹೇಗಿದೆ? ನಡೀತಾರಾ?"